ಸವಳು

ನಾನು ಮೋಟಾರು ಸುತ್ತುವವ. ತಾಳಿಕೋಟಿ ಬಸ್‌ಸ್ಟ್ಯಾಂಡಿನ ಹಿಂದ
ತಾಮ್ರದ ತಂತಿ, ವಾರ್ನಿಷ್ ವಾಸನಿ, ಸುಟ್ಟ ಪಂಪುಗಳ ಸಾಲು.
ಸವಳು ನೀರು ಕುಡಿದು ಸತ್ತ ಪಂಪುಗಳು ಅವು.
ಬಿಚ್ಚಿದರ ಒಳಗ ಬಿಳೇ ಉಪ್ಪು,
ಹಲ್ಲಿಗೆ ಕಿಟ್ಟ ಕಟ್ಟಿಧಂಗ.
ಆ ನೀರಿನಿಂದಲೇ ನನ್ನ ಒಲಿ ಉರೀತದ, ಸುಳ್ಳು ಹೇಳೂದಿಲ್ಲ.

ಡೋಣಿ ಬೆಳೆದರ ಓಣೆಲ್ಲ ಜೋಳ ಅಂತಿದ್ರು ಹಿರೇರು.
ಡೋಣಿ ನೀರಿನ ರುಚಿ ಬಗ್ಗೆ ಮಾತ್ರ
ಗಪ್ಪ ಇದ್ರು.

ಮಾರ್ಚಿನೊಳಗ ನೀಲವ್ವ ಹಡಪದ ಬಂದ್ಲು,
ಕೈಯಾಗ ಚೀಟಿ, ಚೀಟಿಯೊಳಗ ಪೆನ್ಸಿಲ್ ಚಿತ್ರ:
ತೊಟ್ಟಿ, ತೊಟ್ಟಿಯೊಳಗ ಗಾಲಿ, ಗಾಲಿಗೆ ಆರು ರೆಕ್ಕಿ.
"ನಿಮಿಷಕ್ಕ ಹದಿನೈದು ಸುತ್ತು. ಜಾಸ್ತಿ ಆದ್ರ ಹರೀತದ,
ನಿಂತ್ರ ತಳಕ್ಕ ಕೂತು ಕೊಳೀತದ."
ಏನು? "ಪಾಚಿ."
ನಮ್ಮ ಬಚ್ಚಲ ಪಾಚಿಗೆ ಯಾರೂ ಮೋಟಾರು ಹಚ್ಚಿಲ್ಲವಾ, ಅಂದೆ.
ನಗಲಿಲ್ಲ ಆಕಿ.
ಅಂಗನವಾಡ್ಯಾಗ ಕೂಸುಗಳ ತೋಳಿಗೆ ಪಟ್ಟಿ ಸುತ್ತಾಕಿ,
ಕೆಂಪು, ಹಳದಿ, ಮತ್ತ ಹಳದಿ,
ಹಸಿರು ಅಂತ ಬರದದ್ದು ಕಡಿಮಿ.

ಗುಜರಿಯೊಳಗ ಲಾರಿಯ ವೈಪರ್ ಮೋಟಾರು ಸಿಕ್ತು,
ಮಳೀ ಒರಸೂ ಮೋಟಾರು,
ನಮ್ಮ ಕಡೆ ಲಾರೀದು, ಹಂಗಾಗಿ ಹೊಸಾದೇ ಇತ್ತು.
ಹಲಿಗಿ ಕೊಯ್ದು ರೆಕ್ಕಿ ಮಾಡಿದೆ, ಮ್ಯಾಲೊಂದು ಸೋಲಾರ್ ಪಟ್ಟಿ.
ಆಕಿ ಬೋರಿನ ನೀರಿಗೆ ಕಾಗದದ ಎಳಿ ಅದ್ದಿ
ಬಣ್ಣ ನೋಡಿ ಅಂದ್ಲು:
"ಎಂಟೂವರಿ! ಅರ್ಧ ದಾರಿ ತಾನೇ ಬಂದದ.
ಇನ್ನೊಂದಿಷ್ಟು ಸೋಡಾ ಹಾಕಿದ್ರ ಸಾಕು."
ಮೂವತ್ತು ವರ್ಷ ನಾನು ಬೈದ ನೀರು ಅದು.
ಆಕಿ ಅದನ್ನ ನೋಡಿದ್ದು
ಬಾಣಂತಿ ಕೋಣಿಯಾಗ ಹಣಕಿ ನೋಡಿಧಂಗ.

ಇಪ್ಪತ್ತು ದಿನಕ್ಕ ತೊಟ್ಟಿ ಕಪ್ಪುಹಸಿರು.
ಹಳೇ ಧೋತರದಾಗ ಸೋಸಿ, ಚಕ್ಕುಲಿ ಒರಳಿನಾಗ ಒತ್ತಿ
ಮಾಳಗಿ ಮ್ಯಾಲ ಶಾವಿಗಿಧಂಗ ಚೆಲ್ಲಿದ್ಲು.
ನಮ್ಮ ಬಿಸಲಿಗೆ ಅಷ್ಟು ಮರ್ಯಾದಿ ಯಾರೂ ಕೊಟ್ಟಿದ್ದಿಲ್ಲ:
ಮಧ್ಯಾಹ್ನಕ್ಕ ಕಟುಕಟು ಒಣಗಿತ್ತು.
ಒಂದು ಚಮಚ ತಿಂದೆ. ಕೆರಿ ನೆಕ್ಕಿಧಂಗಾತು.
"ಗುರೆಳ್ಳು ಹಿಂಡ್ಯಾಗ ಕಲಸ್ತೀನಿ," ಅಂದ್ಲು, "ಅದರ ಕಪ್ಪಿನಾಗ
ಯಾವ ಹಸಿರೂ ಸಿಕ್ಕಿ ಬೀಳೂದಿಲ್ಲ."
ಕೂಸುಗಳು ರೊಟ್ಟಿ ಹಚ್ಚಿಗೊಂಡು ತಿಂದವು,
ಒಬ್ಬಾಕಿ ಮಾತ್ರ ಮೂಸಿ ನೋಡಿ ನಾಯಿಗೆ ಹಾಕಿದ್ಲು.

ಮೇ ತಿಂಗಳಾಗ ಗಾಲಿ ನಿಂತಿತು.
ಆಕಿ ಫೋನ್ ಮಾಡಿದ್ಲು. ನಾಳಿ, ಅಂದೆ.
ಮತ್ತ ಮಾಡಿದ್ಲು. ನಾಳಿ.
ಮೆಕ್ಯಾನಿಕ್ ಬಾಯಾಗ ಆ ಮಾತು ಉಸಿರಿದ್ಧಂಗ, ತಾನೇ ಬರತದ.
ಎರಡು ರಾತ್ರಿ ಕಡಗೋಲು ಹಿಡದು ತಾನೇ ತಿರುವಿದ್ಲಂತ.
ಮೂರನೇ ದಿನ ಹೋದೆ. ತೊಟ್ಟಿ ಹಳದಿ.
ವಾಸನಿ ಹೇಳಬಾರದು.
ಒಳಗ ಸವೆದದ್ದು ಹತ್ತು ರೂಪಾಯಿ ಕಾರ್ಬನ್ ಬ್ರಷ್.

ಬೈದಿದ್ರ ಚಲೋ ಇತ್ತು.
"ಹೆಪ್ಪು ಸುದ್ದಾ ಉಳೀಲಿಲ್ಲ," ಅಂದ್ಲು, ಅಷ್ಟೇ.

ಅಂಗಡಿಗೆ ಬಂದು ಕೂತೆ.
ಕಿಡಕ್ಯಾಗ, ವಾರ್ನಿಷ್ ಡಬ್ಬಿ ಬಾಜೂಕ,
ಏಪ್ರಿಲ್‌ನ್ಯಾಗ ಮನಿಯಾಕಿಗೆ ತೋರಸಾಕ ತಂದು ಮರತ ಬಾಟಲಿ.
ಕೆಲಸದ ಹುಡುಗ ಮಸ್ತಾನ ದಿನಾ ಅದನ್ನ ಅಲುಗಾಡಿಸಿ ಇಡತಿದ್ದ,
ರೇಡಿಯೇಟರಿಗೆ ಹಾಕೂ ಕೂಲಂಟು ಅಂತ ತಿಳದು.
ಹಸಿರೇ ಇತ್ತು.

ಬಾಟಲಿ ಬಕೀಟಾತು, ಬಕೀಟು ಬಾನಿ ಆತು,
ಬಾನಿ ತೊಟ್ಟಿ ಆಗೂದಕ್ಕ ಮಿರಗ ಮುಗೀತು.
ಈಗ ಓಣಿಯಾಗ ನಾಕು ಮನಿ ಕಿಡಕ್ಯಾಗ ಒಂದೊಂದು ಬಾಟಲಿ,
ಯಾರ ತೊಟ್ಟಿ ಸತ್ರೂ ಯಾರರೆ ಹೆಪ್ಪು ಕೊಡಬೇಕಲ್ಲ.
ನನ್ನ ಗಲ್ಲೆದಾಗ ಆರು ಬ್ರಷ್ ಇರತಾವ. ಮಾರೂದಿಲ್ಲ.

ನಿನ್ನೆ ಒಂದು ಪಂಪು ಬಂತು. ಬಿಚ್ಚಿ ಬಿಳೇ ಉಪ್ಪು ಕೆರದು
ಚೆಲ್ಲಾಕ ಮನಸ್ಸಾಗದೆ ಡಬ್ಬ್ಯಾಗ ತುಂಬಿ ಒಯ್ದೆ.
ನೀಲವ್ವ ಬಟ್ಟಿನಾಗ ಉಜ್ಜಿ ನೋಡಿದ್ಲು:
"ಇದು ಸುಣ್ಣ ಕಾಕಾ. ನಡಿಯೂದಿಲ್ಲ."
ಮೊದಲ ಸಲ ನಕ್ಳು.

ಡಬ್ಬಿ ವಾಪಸ್ ತಂದೀನಿ.
ಇರಲಿ, ಕಿಡಕ್ಯಾಗ ಜಾಗಾ ಅದ.